ಆಫ್ರಿಕನ್ ತತ್ತ್ವಶಾಸ್ತ್ರ: ಜ್ಞಾನ, ಸಂಸ್ಕೃತಿ ಮತ್ತು ಸಂವಾದದ ಚರಿತ್ರೆ

ಆಫ್ರಿಕನ್ ತತ್ತ್ವಶಾಸ್ತ್ರದ ಆರಂಭವನ್ನು ಹಲವು ಕೈಪಿಡಿಗಳು 1945ಕ್ಕೆ ಹಚ್ಚುತ್ತವೆ. ಬೆಲ್ಜಿಯಮ್ಮಿನ ಪಾದ್ರಿ ಪ್ಲಾಸಿಡ್ ಟೆಂಪೆಲ್ಸನ ‘ಬಂಟು ತತ್ತ್ವಶಾಸ್ತ್ರ’ ಫ್ರೆಂಚಿನಲ್ಲಿ ಹೊರಬಂದದ್ದು ಆ ವರ್ಷ. ಅದು ಚರ್ಚೆಯ ಆರಂಭವೇ ಹೊರತು ಚಿಂತನೆಯದಲ್ಲ. ಯಾರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವುದು ಧರ್ಮಸಮ್ಮತ, ಯಾರನ್ನಲ್ಲ ಎಂದು ಟಿಂಬಕ್ಟುವಿನ ವಿದ್ವಾಂಸ ಅಹ್ಮದ್ ಬಾಬಾ (1556–1627) ಅರಬ್ಬಿಯಲ್ಲಿ ವಾದಿಸಿದ್ದ. ಈಗಿನ ಘಾನಾದ ಆಕ್ಸಿಮ್ ಸೀಮೆಯಲ್ಲಿ ಹುಟ್ಟಿ ಎಳವೆಯಲ್ಲೇ ಜರ್ಮನಿ ಸೇರಿದ ಆಂಟನ್ ವಿಲ್ಹೆಲ್ಮ್ ಆಮೊ 1734ರಲ್ಲಿ ವಿಟೆನ್‌ಬರ್ಗಿನಲ್ಲಿ ಲ್ಯಾಟಿನ್ ಪ್ರಬಂಧ ಮಂಡಿಸಿ, ಮುಂದೆ ಹಾಲೆ, ಯೇನಾಗಳಲ್ಲಿ ಪಾಠ ಹೇಳಿದ. ಯೂರೋಪಿನಲ್ಲಿ ಕರಿಯರಿಗಿರುವ ಹಕ್ಕುಗಳ ಬಗ್ಗೆ 1729ರಲ್ಲಿ ಈತ ಮಂಡಿಸಿದ ಪ್ರಬಂಧ ಮಾತ್ರ ಉಳಿದುಬಂದಿಲ್ಲ. ದಾಖಲೆ ಹೀಗೆ ತುಂಡುತುಂಡು. ಉಳಿದದ್ದರಲ್ಲೂ ಎಷ್ಟೋ ಪಠ್ಯ ಯೂರೋಪಿಯನ್ನರ ಕೈದಾಟಿ ಬಂದಿರುವುದರಿಂದ, ಈ ಮಾತು ನಿಜವಾಗಿ ಯಾರದು ಎಂಬ ಪ್ರಶ್ನೆ ಹೆಜ್ಜೆಹೆಜ್ಜೆಗೂ ಏಳುತ್ತದೆ.

ಹತಾತಾ ವಿವಾದ

ಈ ಪ್ರಶ್ನೆ ಅತ್ಯಂತ ಜಟಿಲವಾಗಿರುವುದು ಇಥಿಯೋಪಿಯದ ‘ಹತಾತಾ’ ಎಂಬ ಕೃತಿಯ ವಿಷಯದಲ್ಲಿ. ಅಲ್ಲಿನ ಹಳೆಯ ಶಾಸ್ತ್ರಭಾಷೆಯಾದ ಗೀಜ್‌ನಲ್ಲಿರುವ ಇದು ಅರ್ಧ ಆತ್ಮಕಥೆ, ಅರ್ಧ ವಿಚಾರಣೆ. ಕಥೆ ಹೇಳುವ ಝೆರಾ ಯಾಕೋಬ್ 1599ರಲ್ಲಿ ಆಕ್ಸುಮ್ ಬಳಿ ಹುಟ್ಟಿದವನು. ದೊರೆ ಸುಸೆನ್ಯೋಸ್ ಕ್ಯಾಥೊಲಿಕ್ ಪಂಥಕ್ಕೆ ಸೇರಿ ಒಪ್ಪದವರನ್ನು ಕಾಡತೊಡಗಿದಾಗ, ದಾವೀದನ ಕೀರ್ತನೆಗಳ ಪುಸ್ತಕ ಹಿಡಿದು ಓಡಿಹೋಗಿ ಎರಡು ವರ್ಷ ಗುಹೆಯಲ್ಲಿ ಕಳೆಯುತ್ತಾನೆ. ಪ್ರತಿ ಮತದವರೂ ತಮ್ಮದೇ ಸತ್ಯ ಎನ್ನುವಾಗ ನ್ಯಾಯ ಹೇಳುವವರು ಯಾರು ಎಂಬಲ್ಲಿಂದ ಹೊರಟು, ದೇವರು ಎಲ್ಲರಿಗೂ ಕೊಟ್ಟಿರುವ ಬುದ್ಧಿಯೇ ಒರೆಗಲ್ಲು ಎಂಬಲ್ಲಿಗೆ ಬರುತ್ತಾನೆ. ಅದಕ್ಕೆ ಹಚ್ಚಿ ನೋಡಿ ಸನ್ಯಾಸವನ್ನೂ ಬಹುಪತ್ನಿತ್ವವನ್ನೂ ಗುಲಾಮಗಿರಿಯನ್ನೂ ತಳ್ಳಿಹಾಕುತ್ತಾನೆ. ಮುಂದೆ ಮನೆಗೆಲಸದ ಹೆಣ್ಣೊಬ್ಬಳನ್ನು ಮದುವೆಯಾಗುವಾಗ, ಗಂಡಹೆಂಡಿರು ಸಮಾನರು, ಆಕೆ ಇನ್ನು ದಾಸಿಯಲ್ಲ ಎನ್ನುತ್ತಾನೆ.

ಹಸ್ತಪ್ರತಿಯನ್ನು 1850ರ ದಶಕದಲ್ಲಿ ಪ್ಯಾರಿಸ್ಸಿನ ಸಂಗ್ರಾಹಕ ಆಂಟ್ವಾನ್ ದಬ್ಬಾದಿಗೆ ಒದಗಿಸಿದವನು ಇಟಲಿಯ ಕಪುಚಿನ್ ಪಾದ್ರಿ ಜುಸ್ತೊ ದ ಉರ್ಬಿನೊ. 1904ರಲ್ಲಿ ಜರ್ಮನ್ ವಿದ್ವಾಂಸ ಎನ್ನೊ ಲಿಟ್‌ಮನ್ ಅದನ್ನು ಅಚ್ಚುಹಾಕಿಸಿದ. 1920ರಲ್ಲಿ ಇಟಲಿಯ ವಿದ್ವಾಂಸ ಕಾರ್ಲೊ ಕೊಂತಿ ರೊಸ್ಸಿನಿ, ಇದನ್ನು ಬರೆದವನು ಪಾದ್ರಿಯೇ ಎಂದು ಆಪಾದಿಸಿದ. ಪಾದ್ರಿಯ ಹುಟ್ಟುಹೆಸರಿನಲ್ಲಿ ಯಾಕೊಪೊ ಇತ್ತು, ಅದು ಯಾಕೋಬನ ಇಟಾಲಿಯನ್ ರೂಪ ಎಂಬುದೂ ಸಂಶಯಕ್ಕೆ ಇಂಬಾಯಿತು. ಅಡಿಸ್ ಅಬಾಬಾದಲ್ಲಿ ಪಾಠ ಹೇಳುತ್ತಿದ್ದ ಕೆನಡಾದ ಜೆಸ್ವಿಟ್ ಕ್ಲೋಡ್ ಸಮ್ನರ್ 1970ರ ದಶಕದಲ್ಲಿ ಪಾದ್ರಿಯ ಬರಹಗಳನ್ನೂ ಹತಾತಾವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಎರಡರ ಕರ್ತೃ ಒಬ್ಬನೇ ಆಗಿರಲಾರ ಎಂದ. 2013ರ ಹೊತ್ತಿಗೆ ಫ್ರೆಂಚ್ ಇತಿಹಾಸಕಾರ್ತಿ ಆನಯೀಸ್ ವಿಯೋನ್ ನಕಲಿಯೆಂಬ ವಾದವನ್ನು ಮತ್ತೆ ಎತ್ತಿದಳು. 2023ರಲ್ಲಿ ಹೊಸ ಇಂಗ್ಲಿಷ್ ಅನುವಾದ ಬಂದ ಮೇಲೂ ವಿವಾದ ತಣ್ಣಗಾಗಿಲ್ಲ. ಪ್ಯಾರಿಸ್ಸಿನಲ್ಲಿರುವ ಎರಡೂ ಪ್ರತಿಗಳು ಆ ಒಬ್ಬ ಪಾದ್ರಿಯ ಮೂಲಕವೇ ಬಂದವು. ಅವನಿಗಿಂತ ಹಿಂದಿನ ಪ್ರತಿ ಸಿಗುವ ತನಕ ಝೆರಾ ಯಾಕೋಬನನ್ನು ಆಫ್ರಿಕದ ಡೆಕಾರ್ಟ್ ಎಂದು ಮೆರೆಸುವುದೂ ಪಾದ್ರಿಯ ಕಟ್ಟುಕಥೆ ಎಂದು ತಳ್ಳಿಹಾಕುವುದೂ ಅವಸರದ ಮಾತು.

ಟೆಂಪೆಲ್ಸನಿಂದ ಹುಂಟೊಂಜಿಗೆ

ಕಾಂಗೋದ ಕಟಾಂಗಾದಲ್ಲಿ ಲೂಬಾ ಜನರ ನಡುವೆ ದುಡಿದ ಟೆಂಪೆಲ್ಸನ ವಾದ ಸರಳ: ಬಂಟು ಜನರಿಗೆ ಇರುವಿಕೆ ಎಂದರೆ ಶಕ್ತಿ. ಈ ಪುಸ್ತಕ ವಸಾಹತು ಆಳ್ವಿಕೆಗೆ ಅನುಕೂಲಕರ ಎಂದು ಕವಿ ಏಮೆ ಸೆಸೇರ್ ಹರಿಹಾಯ್ದ. ರುವಾಂಡಾದ ಪಾದ್ರಿ ಅಲೆಕ್ಸಿಸ್ ಕಗಾಮೆ 1956ರಲ್ಲಿ ತನ್ನ ನುಡಿಯ ನಾಮಪದ ವರ್ಗಗಳಿಂದಲೇ ತತ್ತ್ವವನ್ನು ಕಟ್ಟಲು ಹೊರಟ. ಮಾಲಿಯ ದೋಗೊನ್ ಸಮುದಾಯದ ಕುರುಡ ಮುದುಕ ಒಗೊತೆಮ್ಮೆಲಿಯ ಮಾತುಗಳೆಂದು ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಗ್ರಿಯೋಲ್ 1948ರಲ್ಲಿ ಪ್ರಕಟಿಸಿದ ವಿಶ್ವದರ್ಶನ, 1991ರಲ್ಲಿ ಪ್ರಕಟವಾದ ವಾಲ್ಟರ್ ವಾನ್ ಬೇಕ್‌ನ ಮರುಕ್ಷೇತ್ರಕಾರ್ಯದಲ್ಲಿ ಊರವರ ಬಾಯಲ್ಲಿ ಸಿಗಲಿಲ್ಲ.

ಬೆನಿನ್‌ನ ಪೋಲೆಂ ಹುಂಟೊಂಜಿ (1942–2024) 1976ರ ಪುಸ್ತಕದಲ್ಲಿ ಈ ಇಡೀ ಪರಂಪರೆಯನ್ನು ‘ಜನಾಂಗ-ತತ್ತ್ವಶಾಸ್ತ್ರ’ ಎಂದು ಕರೆದು ಕಟುವಾಗಿ ವಿಮರ್ಶಿಸಿದ. ಇಡೀ ಊರಿಗೆ ಒಂದೇ ಅಭಿಪ್ರಾಯ ಇರುತ್ತದೆ ಎಂಬುದೇ ಭ್ರಮೆ. ತಮ್ಮ ಹೆಸರಿನಲ್ಲಿ ಬರೆದು ಪರಸ್ಪರ ವಾದಿಸುವ ವ್ಯಕ್ತಿಗಳಿಲ್ಲದೆ ತತ್ತ್ವಶಾಸ್ತ್ರವಿಲ್ಲ ಎಂಬುದು ಈತನ ನಿಲುವು. ಆ ಪದ ಹುಂಟೊಂಜಿಯದೇ ಸೃಷ್ಟಿ ಎಂದು ಹಲವೆಡೆ ಬರೆದಿರುತ್ತದೆ. ಆದರೆ ಮುಂದೆ ಘಾನಾದ ನಾಯಕನಾದ ಕ್ವಾಮೆ ಎನ್‌ಕ್ರುಮಾ 1940ರ ದಶಕದಲ್ಲಿ ಅಮೆರಿಕದಲ್ಲಿ ಬರೆದ ಪ್ರೌಢಪ್ರಬಂಧದಲ್ಲೇ ಅದು ಇತ್ತು, ಮೆಚ್ಚುಗೆಯ ಅರ್ಥದಲ್ಲಿ; ಇದನ್ನು ಮುಂದೆ ಹುಂಟೊಂಜಿಯೇ ದಾಖಲಿಸಿದ್ದಾನೆ.

ಹೇಳಿದವರ ಹೆಸರು

ಬರಹವಿಲ್ಲದೆಯೂ ವ್ಯಕ್ತಿಗತ ಚಿಂತನೆ ಸಾಧ್ಯ ಎಂದು ತೋರಿಸಲು ನೈರೋಬಿ ವಿಶ್ವವಿದ್ಯಾಲಯದ ಹೆನ್ರಿ ಒಡೆರಾ ಒರೂಕಾ (1944–1995) ಹಳ್ಳಿಗಳ ಹಿರಿಯರನ್ನು ಹುಡುಕಿಕೊಂಡು ಹೋಗಿ ಅವರ ಮಾತನ್ನು ಹೆಸರು ಸಹಿತ ದಾಖಲಿಸಿದ. ರೂಢಿಯನ್ನು ಚೆನ್ನಾಗಿ ಬಲ್ಲವರು ಬೇರೆ, ರೂಢಿಯನ್ನೇ ಪ್ರಶ್ನಿಸಬಲ್ಲವರು ಬೇರೆ ಎಂದು ವಿಂಗಡಿಸಿದ. ಲುವೊ ಹಿರಿಯ ಪಾಲ್ ಎಂಬುಯಾ ಅಕೋಕೊ, ದೇವರುಗಳು ಹಲವರಿದ್ದಿದ್ದರೆ ನಿಸರ್ಗ ಅಲ್ಲೋಲಕಲ್ಲೋಲ ಆಗಬೇಕಿತ್ತು, ಹಾಗಾಗಿಲ್ಲವಾದ್ದರಿಂದ ಲುವೊಗಳ ದೇವರೂ ಬಿಳಿಯರ ದೇವರೂ ಒಬ್ಬನೇ ಎಂದು ತರ್ಕಿಸಿದ. ಪ್ರಶ್ನೆ ಕೇಳುವವನೇ ತತ್ತ್ವಶಾಸ್ತ್ರಜ್ಞನಾದಾಗ ಉತ್ತರ ಇಬ್ಬರ ಜಂಟಿ ಕೃತಿಯಾಗುತ್ತದೆ ಎಂದು ನೈಜೀರಿಯದ ಪೀಟರ್ ಬೊಡುನ್ರಿನ್ ಆಕ್ಷೇಪಿಸಿದ. ಆಕ್ಷೇಪದಲ್ಲಿ ಹುರುಳಿದೆ.

ಬ್ಯಾರಿ ಹ್ಯಾಲನ್ ಮತ್ತು ಜೆ. ಒ. ಸೊಡಿಪೊ 1986ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಯೊರುಬಾ ನಾಟಿವೈದ್ಯರೇ ಸಹವಾದಿಗಳು. ಕಣ್ಣಾರೆ ಕಂಡು ತಿಳಿದದ್ದು ಮಾತ್ರ ಅವರಿಗೆ ಜ್ಞಾನ. ಕೇಳಿ ತಿಳಿದದ್ದು, ಪುಸ್ತಕದಲ್ಲಿ ಓದಿದ್ದು, ಶಾಲೆಯಲ್ಲಿ ಕಲಿತದ್ದು ಎಲ್ಲವೂ ಪರೀಕ್ಷೆಗೆ ಒಡ್ಡುವವರೆಗೆ ಬರೀ ನಂಬಿಕೆ. ಪ್ರತ್ಯಕ್ಷ, ಶಬ್ದ ಪ್ರಮಾಣಗಳ ಜಗಳ ಬಲ್ಲ ಭಾರತೀಯ ಓದುಗರಿಗೆ ಇದು ಅಪರಿಚಿತವೆನಿಸದು.

ಸಂವಾದ

ಆಫ್ರಿಕದ ಸಾಂಪ್ರದಾಯಿಕ ಚಿಂತನೆಯನ್ನು ಪಶ್ಚಿಮದ ವಿಜ್ಞಾನದೊಡನೆ ತೂಗಿದ ಮಾನವಶಾಸ್ತ್ರಜ್ಞ ರಾಬಿನ್ ಹಾರ್ಟನ್‌ನ 1967ರ ಪ್ರಬಂಧಕ್ಕೆ ಘಾನಾದ ಕ್ವಾಸಿ ವಿರೆಡು (1931–2022) ಕೊಟ್ಟ ಉತ್ತರ ಇಲ್ಲಿ ಮುಖ್ಯ ತಿರುವು. ಜನಪದ ನಂಬಿಕೆಯನ್ನು ಜನಪದ ನಂಬಿಕೆಯೊಡನೆ ಹೋಲಿಸಬೇಕು, ಯೂರೋಪಿನಲ್ಲೂ ದೆವ್ವಗಳನ್ನು ನಂಬುವವರಿದ್ದಾರೆ ಎಂದ ವಿರೆಡು. ರಾಟರ್‌ಡ್ಯಾಮಿನಲ್ಲಿ ಹೈನ್ಸ್ ಕಿಮ್ಮರ್ಲೆ, ವಿಯೆನ್ನಾದಲ್ಲಿ ಫ್ರಾನ್ಸ್ ವಿಮ್ಮರ್ ಅಂತರ್‌ಸಾಂಸ್ಕೃತಿಕ ತತ್ತ್ವಶಾಸ್ತ್ರಕ್ಕೆ ವೇದಿಕೆ ಒದಗಿಸಿದರು. ಆಫ್ರಿಕದ ವಿದ್ವಾಂಸರು ತಮ್ಮತಮ್ಮಲ್ಲಿ ಮಾತಾಡುವುದಕ್ಕಿಂತ ಯೂರೋಪಿನ ಓದುಗರಿಗಾಗಿ ಬರೆಯುತ್ತಾರೆ ಎಂಬ ದೂರು ಹುಂಟೊಂಜಿಯ ನಂತರದ ಬರಹಗಳುದ್ದಕ್ಕೂ ಇದೆ.

ನೈಜೀರಿಯದ ಸೋಫಿ ಒಲುವೊಲೆ (1935–2018) ಕೊನೆಗಾಲದ ಪುಸ್ತಕವೊಂದರಲ್ಲಿ ಸಾಕ್ರಟೀಸನನ್ನೂ ಯೊರುಬಾಗಳ ಇಫಾ ಕಣಿ ಪರಂಪರೆಯ ಮೂಲಪುರುಷ ಒರುನ್ಮಿಲನನ್ನೂ ಜೊತೆಯಾಗಿ ನಿಲ್ಲಿಸಿದಳು. ಇಬ್ಬರೂ ಸ್ವತಃ ಏನೂ ಬರೆಯದೆ, ಶಿಷ್ಯರ ಮೂಲಕ ಉಳಿದವರು. ಒಬ್ಬನಿಗೆ ಪ್ಲೇಟೊ ಸಿಕ್ಕಿದ. ಇನ್ನೊಬ್ಬನನ್ನು ಇಫಾ ಪದ್ಯಗಳನ್ನು ಬಾಯಿಪಾಠ ಮಾಡುವ ಬಬಲಾವೊಗಳು ಉಳಿಸಿದರು.