ತಟ್ಟೆಯ ಮೇಲಿಲ್ಲದ ಹೆಸರು

ಗೆಳೆಯನೊಬ್ಬ ಮನೆ ಖಾಲಿ ಮಾಡುವಾಗ ಕೊಟ್ಟುಹೋದ ಎಲ್‌ಪಿಗಳಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯವು ಐದಾರಿದ್ದವು. ಫೋರ್ ಟಾಪ್ಸ್ ತಂಡದ 'ಬರ್ನಡೆಟ್' ಹಾಕಿದೆ. ಹಾಡುಗಾರನ ಅಬ್ಬರದ ಅಡಿಯಲ್ಲಿ ಇನ್ನೊಂದು ಹಾಡು ತನ್ನ ಪಾಡಿಗೆ ಹರಿಯುತ್ತಿತ್ತು, ಬಾಸ್ ಗಿಟಾರಿನದು. ಯಾರಪ್ಪ ಈತ ಎಂದು ಹೊದಿಕೆ ತಿರುವಿದರೆ ಹಾಡಿದವರಿದ್ದಾರೆ, ಕಟ್ಟಿದವರಿದ್ದಾರೆ, ಪಕ್ಕವಾದ್ಯದವರ ಸುಳಿವೇ ಇಲ್ಲ. ನಮ್ಮ ಹಳೆಯ ಸಿನಿಮಾ ತಟ್ಟೆಗಳದ್ದೂ ಇದೇ ಕತೆಯಲ್ಲವೇ?

ಉಳಿದ ತಟ್ಟೆಗಳನ್ನೂ ತಿರುವಿದೆ. ಅರವತ್ತರ ದಶಕದವೆಲ್ಲ ಮೌನ. ಕೊನೆಗೆ ಬಾಯಿಬಿಟ್ಟದ್ದು 1971ರ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್'. ಅಲ್ಲಿ ವಾದಕರ ಹೆಸರುಗಳಿದ್ದವು. ಬಾಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಎಂಬ ಹೆಸರಿಗೆ ಮಾತ್ರ 'ಸಾಟಿಯಿಲ್ಲದ' ಎಂಬ ವಿಶೇಷಣ. 1959ರಿಂದ ಅದೇ ಕಂಪನಿಗೆ ನುಡಿಸುತ್ತಿದ್ದವನಿಗೆ ಈ ಒಂದು ಪದ ಸಿಗಲು ಹನ್ನೆರಡು ವರ್ಷ ಹಿಡಿದಿತ್ತು.

ಹೆಸರು ಸಿಕ್ಕ ಮೇಲೆ ಆತನ ಬಗ್ಗೆ ಆಲನ್ ಸ್ಲಟ್ಸ್‌ಕಿ 1989ರಲ್ಲಿ ತಂದ ಪುಸ್ತಕ ಹುಡುಕಿಕೊಂಡೆ. ಜೇಮರ್ಸನ್ ಹುಟ್ಟಿದ್ದು 1936ರಲ್ಲಿ, ದಕ್ಷಿಣ ಕ್ಯಾರೊಲಿನಾದ ಎಡಿಸ್ಟೊ ದ್ವೀಪದಲ್ಲಿ. ಇರುವೆಗೂಡಿನ ಬಳಿ ಕೋಲು ನೆಟ್ಟು, ಅದಕ್ಕೆ ರಬ್ಬರ್ ಬ್ಯಾಂಡ್ ಬಿಗಿದು, ಮೀಟಿ ಇರುವೆಗಳನ್ನು ಕುಣಿಸುತ್ತಿದ್ದನಂತೆ ಹುಡುಗ. ನಿಜವೋ, ಮನೆಮಂದಿಯ ಪ್ರೀತಿ ಕಟ್ಟಿದ್ದೋ. ನನಗಂತೂ ಬಿಡಲು ಮನಸ್ಸಿಲ್ಲ. 1954ರಲ್ಲಿ ಡೆಟ್ರಾಯಿಟ್‌ಗೆ ಬಂದು ಹೈಸ್ಕೂಲಿನಲ್ಲಿ ಆಳೆತ್ತರದ ಡಬಲ್ ಬಾಸ್ ಹಿಡಿದ. ರೇ ಬ್ರೌನ್, ಪಾಲ್ ಚೇಂಬರ್ಸ್‌ರಂಥ ಜಾಜ್ ವಾದಕರು ಅವನ ಕಿವಿಯಲ್ಲಿದ್ದರು.

ಗುಟ್ಟು ಇಲ್ಲೇ ಇದೆ ಅನ್ನಿಸುತ್ತದೆ. ಮುಂದೆ ಕೈಗೆ ಬಂದ 1962ರ ಫೆಂಡರ್ ಪ್ರಿಸಿಷನ್ ಗಿಟಾರನ್ನೂ ಆತ ಆ ದೊಡ್ಡ ವಾದ್ಯದಂತೆಯೇ ನಡೆಸಿಕೊಂಡ. ತಂತಿಗಳು ಪಟ್ಟಿಯಿಂದ ಎತ್ತರದಲ್ಲಿ. ಮೀಟಲು ಬಲಗೈಯ ತೋರುಬೆರಳೊಂದೇ. ತಂತಿ ತುಂಡಾಗುವ ತನಕ ಬದಲಿಸುತ್ತಿರಲಿಲ್ಲ. ಹಾಗೆ ಹಳತಾದ ತಂತಿಗೆ ಮಿನುಗು ಹೋಗಿ, ಮೃದಂಗದ ಎಡಭಾಗದಂಥ ಗುಮ್ಮೆನ್ನುವ ಗಿಡ್ಡ ನಾದ ಬರುತ್ತದೆ. ಬಾಸಿನವರು ಆಧಾರಸ್ವರ ಬಿಟ್ಟು ಕದಲದಿದ್ದ ಕಾಲದಲ್ಲಿ ಈತ ಪಕ್ಕದ ಸ್ವರಗಳನ್ನು ಸವರಿಕೊಂಡು, ತಾಳದ ಪೆಟ್ಟನ್ನು ತಪ್ಪಿಸಿ ಎಡುಪಿನಲ್ಲಿ ಎತ್ತಿಕೊಂಡು, ಸರಿಯಾದ ಜಾಗಕ್ಕೆ ಬಂದು ಕೂರುತ್ತಾನೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಈತನ ಋಣ ಒಪ್ಪಿಕೊಂಡದ್ದು ಸುಮ್ಮನೆ ಅಲ್ಲ.

ಹೆಸರು ಅಚ್ಚಾಗದ ಕಡೆ ವ್ಯಾಜ್ಯ ಹುಟ್ಟುತ್ತದೆ. 'ಬರ್ನಡೆಟ್' ಸೇರಿದಂತೆ ಕೆಲವು ಹಾಡುಗಳ ಬಾಸ್ ತನ್ನದೆಂದು ಲಾಸ್ ಏಂಜಲೀಸಿನ ಹೆಸರಾಂತ ವಾದಕಿ ಕ್ಯಾರೊಲ್ ಕೇ ಹೇಳಿಕೊಂಡರು. ಜೇಮರ್ಸನ್ ಜೊತೆ ದುಡಿದವರು ಒಪ್ಪಲಿಲ್ಲ. ಆ ಒಂಟಿ ಬೆರಳನ್ನು ಇಷ್ಟು ದಿನ ಕೇಳಿದ ನನ್ನ ಕಿವಿ ಜೇಮರ್ಸನ್ ಕಡೆಗಿದೆ.

ಹುಡುಕಾಟದಲ್ಲಿ ನನ್ನನ್ನು ಬೆಚ್ಚಿಸಿದ್ದು 'ಗಿಟಾರ್ ಪ್ಲೇಯರ್' ಪತ್ರಿಕೆಯ 1979ರ ಸಂದರ್ಶನ. ದಾರಿಹೋಕರ ನಡಿಗೆ ನೋಡಿ ಬಾಸ್ ಸಾಲು ಕಟ್ಟಿದ್ದುಂಟು ಎನ್ನುತ್ತಾನೆ. ಆಫ್ರಿಕಾ, ಕ್ಯೂಬಾ ಮಾತ್ರವಲ್ಲ, ಭಾರತದ ಸ್ವರಶ್ರೇಣಿಗಳನ್ನೂ ಅಭ್ಯಾಸ ಮಾಡಿದ್ದೆ ಎನ್ನುತ್ತಾನೆ! ಅಂದಿನಿಂದ ತಟ್ಟೆಗಳನ್ನು ಮತ್ತೆ ಸುತ್ತಿಸುತ್ತಿದ್ದೇನೆ. ಇಂಥದೇ ರಾಗ ಎಂದು ಬೆರಳಿಟ್ಟು ತೋರಿಸಲು ಹೋಗಿ ಎರಡು ಸಲ ಸೋತಿದ್ದೇನೆ.

1983ರ ಮಾರ್ಚಿನಲ್ಲಿ ಮೋಟೌನ್ ತನ್ನ ಇಪ್ಪತ್ತೈದರ ಸಂಭ್ರಮ ನಡೆಸಿದಾಗ ಜೇಮರ್ಸನ್ ವೇದಿಕೆಯ ಮೇಲಿರಲಿಲ್ಲ, ಬಾಲ್ಕನಿಯಲ್ಲಿ ಕೂತಿದ್ದ. ಅದೇ ವರ್ಷ ಆ ಫೆಂಡರ್ ಕಳುವಾಯಿತು. ಸ್ವಲ್ಪ ದಿನಕ್ಕೇ, ಆಗಸ್ಟ್ 2ರಂದು, ಆತ ತೀರಿಕೊಂಡ, ವಯಸ್ಸು 47. ಗಿಟಾರು ಮತ್ತೆ ಸಿಗಲಿಲ್ಲ.