ಭತ್ತದ ಮಿಲ್: ಇಳುವರಿ 67 ಬಂದ್ರೆ ಸಾಕೇ? ನುಚ್ಚಿನ ಲೆಕ್ಕ ಇಲ್ಲಿದೆ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಭತ್ತ ಮಿಲ್ ಮಾಡಿಸಿದವರನ್ನು ಕೇಳುವ ಮೊದಲ ಪ್ರಶ್ನೆ 'ಚೀಲಕ್ಕೆ ಎಷ್ಟು ಅಕ್ಕಿ ಬಿತ್ತು?' ಅನ್ನೋದು. ಸರ್ಕಾರಿ ಖರೀದಿಯ ಭತ್ತಕ್ಕೆ ಮಿಲ್‌ನವರು ವಾಪಸ್ ಕೊಡಬೇಕಾದ ಅಕ್ಕಿಯ ಪ್ರಮಾಣ ಬೆಳ್ತಿಗೆ ಅಕ್ಕಿಗೆ ಶೇ 67, ಕುಚ್ಚಲಕ್ಕಿಗೆ ಶೇ 68. ಅಂದ್ರೆ 75 ಕೆ.ಜಿ. ಚೀಲಕ್ಕೆ ಸುಮಾರು 50 ಕೆ.ಜಿ. ಬೆಳ್ತಿಗೆ ಅಕ್ಕಿ. ಉಳಿದಿದ್ದರಲ್ಲಿ ಹೆಚ್ಚಿನ ಪಾಲು ಹೊಟ್ಟು, ಆಮೇಲೆ ತೌಡು.

ಆದರೆ ಈ 67ರಲ್ಲಿ ನುಚ್ಚೂ ಸೇರಿರುತ್ತದೆ. ಎರಡು ಮಿಲ್‌ಗಳಲ್ಲೂ ಕ್ವಿಂಟಲ್ ಭತ್ತಕ್ಕೆ 67 ಕೆ.ಜಿ. ಬಂತು ಅಂದುಕೊಳ್ಳಿ. ಒಂದರಲ್ಲಿ ಇಡೀ ಕಾಳು 57 ಕೆ.ಜಿ., ಇನ್ನೊಂದರಲ್ಲಿ 47. ತೂಕ ಒಂದೇ, ಆದರೆ ನುಚ್ಚಿಗೆ ಅಕ್ಕಿಯ ರೇಟ್ ಸಿಗಲ್ಲ. ಗಂಟೆಗೆ ಎಷ್ಟು ಟನ್ ಓಡಿತು ಅನ್ನೋದಕ್ಕಿಂತ ಮಿಲ್‌ನ ಗುಣಮಟ್ಟ ಗೊತ್ತಾಗೋದು ಈ ಇಡೀ ಕಾಳಿನ ಲೆಕ್ಕದಲ್ಲೇ.

ಕಾಳು ಒಡೆಯೋದಕ್ಕೆ ಎಲ್ಲರೂ ಮೊದಲು ಮೆಷಿನ್‌ನ ಬೈಯುತ್ತಾರೆ. ಆದರೆ ಎಷ್ಟೋ ಸಲ ತಪ್ಪು ಒಣಗಿಸುವಾಗಲೇ ಆಗಿರುತ್ತದೆ. ಟಾರ್ ರಸ್ತೆ ಮೇಲೆ ಬಿರುಬಿಸಿಲಿಗೆ ಹರಡಿ, ರಾತ್ರಿ ಇಬ್ಬನಿ ಬೀಳಲು ಬಿಟ್ಟರೆ ಕಾಳಿನೊಳಗೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಮೇಲೆ ಹೊಟ್ಟು ಇರೋದರಿಂದ ಅದು ಕಣ್ಣಿಗೆ ಕಾಣಲ್ಲ. ಮಿಲ್‌ಗೆ ಹಾಕಿದಾಗ ಪಟಪಟ ಒಡೆಯುತ್ತದೆ. ನಿಧಾನವಾಗಿ, ಆಗಾಗ ಕೈಯಾಡಿಸಿ ಒಣಗಿಸಿ ತೇವಾಂಶ ಶೇ 14ರ ಆಸುಪಾಸಿಗೆ ತಂದರೆ ನುಚ್ಚು ಕಡಿಮೆ.

ಇನ್ನು ಮೆಷಿನ್ ವಿಷಯ. ಹಳೆಯ ಹಲ್ಲರ್‌ನಲ್ಲಿ ಸಿಪ್ಪೆ ಬಿಡಿಸೋದು, ಪಾಲಿಶ್ ಎರಡೂ ಒಂದೇ ಕಡೆ ಉಜ್ಜಿ ನಡೆಯುತ್ತವೆ. ನುಚ್ಚು ಜಾಸ್ತಿ, ಹೊಟ್ಟು ತೌಡಿನ ಜೊತೆ ಬೆರೆಯುತ್ತದೆ. ರಬ್ಬರ್ ರೋಲ್ ಮಿಲ್‌ನಲ್ಲಿ ಎರಡೂ ಕೆಲಸ ಬೇರೆ ಬೇರೆ. ಅಲ್ಲೂ ರೋಲ್ ಸವೆದರೆ ಸಿಪ್ಪೆ ಬಿಡದ ಭತ್ತ ಮುಂದೆ ಹೋಗುತ್ತದೆ, ಅಂತರ ಬಿಗಿ ಮಾಡಿದರೆ ಕಾಳು ಒಡೆಯುತ್ತದೆ. ಪ್ರತಿ ಹಂತದ ನಂತರ ಒಂದು ಹಿಡಿ ತೆಗೆದು ನುಚ್ಚು ತೂಗಿ ಬರೆದಿಟ್ಟರೆ ಯಾವ ಮೆಷಿನ್‌ನಲ್ಲಿ ಒಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಬರೀ ಕೊನೆಗೆ ನೋಡಿದರೆ ಪ್ರಯೋಜನ ಇಲ್ಲ.

ಒಣಗಿದಾಗ ಇಳಿಯುವ ತೂಕದ ಬಗ್ಗೆಯೂ ಜಗಳ ಇದ್ದದ್ದೇ. ಶೇ 20 ತೇವಾಂಶದ 75 ಕೆ.ಜಿ. ಭತ್ತದಲ್ಲಿ ನೀರು 15 ಕೆ.ಜಿ., ಒಣ ಪದಾರ್ಥ 60 ಕೆ.ಜಿ. ಅದನ್ನು ಶೇ 14ಕ್ಕೆ ಇಳಿಸಿದರೆ ಉಳಿಯೋದು 69 ಕೆ.ಜಿ. 770 ಗ್ರಾಂ ಆಸುಪಾಸು, ಅಂದ್ರೆ ಸುಮಾರು 5 ಕೆ.ಜಿ. 200 ಗ್ರಾಂ ಕಡಿಮೆ. ಶೇ 6ರ ವ್ಯತ್ಯಾಸ ಅಂತ ನಾಲ್ಕೂವರೆ ಕೆ.ಜಿ. ಹಿಡಿದರೆ ಕೊಂಡವರಿಗೆ ನಷ್ಟ. ತೇವದ ಹೆಸರಲ್ಲಿ ಏಳೆಂಟು ಕೆ.ಜಿ. ಕಡಿತ ಮಾಡಿದರೆ ರೈತರು ಮೀಟರ್ ತೋರಿಸಿ ಅಂತ ಕೇಳಲೇಬೇಕು.

ಅಂಗಡಿಯವರು ಅಕ್ಕಿ ಇಳಿಸಿಕೊಳ್ಳುವಾಗ ಚೀಲದ ಮೇಲೆ, ನಡುವೆ, ಅಡಿಯಿಂದ ಅಕ್ಕಿ ತೆಗೆದು ಬೆರೆಸಿ 50 ಗ್ರಾಂ ತೂಗಲಿ. ಇಡೀ ಕಾಳಿನ ಮುಕ್ಕಾಲು ಭಾಗಕ್ಕಿಂತ ಚಿಕ್ಕದಾದ ತುಂಡುಗಳೆಲ್ಲ ನುಚ್ಚು. ಅವನ್ನು ಆರಿಸಿ ತೂಗಿದಾಗ 10 ಗ್ರಾಂ ಬಂದರೆ ನುಚ್ಚು ಶೇ 20. ಚಿನ್ನದಂಗಡಿಯವರು ಬಳಸುವಂಥ ಸಣ್ಣ ತಕ್ಕಡಿ ಇದಕ್ಕೆ ಬೇಕು, ಕಿರಾಣಿ ಕಾಟಾದಲ್ಲಿ ಇಷ್ಟು ಸಣ್ಣ ತೂಕ ಸರಿಯಾಗಿ ಸಿಗಲ್ಲ.