ಗೋಡೆ ಬಳಿದವರ ಲೆಕ್ಕ

ಕಳೆದ ಮಾರ್ಚಿನಲ್ಲಿ ಕರಾವಳಿಯ ನದಿದಂಡೆಯೊಂದರ ಹಳೆಯ ಹಂಚಿನ ಕಾರ್ಖಾನೆ ನೋಡಲು ಹೋಗಿದ್ದೆ. ಹಂಚು ಸುಡುವ ಕೆಲಸ ನಿಂತು ಬಹಳ ವರ್ಷಗಳಾಗಿವೆ. ಉಳಿದಿರುವುದು ಚಿಮಣಿಯ ಬುಡ ಮತ್ತು ಯಂತ್ರಗಳ ರಿಪೇರಿ ನಡೆಯುತ್ತಿದ್ದ ಒಂದು ಉದ್ದನೆಯ ವರ್ಕ್‌ಶಾಪು. ಅದರ ಹೊರಗೋಡೆಗೆ ಅಂದು ಕೆಲಸ ನಡೆದಿತ್ತು. ಹಳೆಯ ಸುಣ್ಣದ ಗಾರೆಯನ್ನು ಕೆತ್ತಿ ತೆಗೆದು, ಸಿಮೆಂಟು ಮೆತ್ತಿ, ಮೇಲೆ ಎಮಲ್ಷನ್ ಬಣ್ಣ ಹೊಡೆಯುವುದೆಂದು ಮಾಲೀಕರು ತೀರ್ಮಾನಿಸಿದ್ದರು. ಪಡುವಣ ಗೋಡೆ ಆಗಲೇ ಬೋಳಾಗಿತ್ತು.

ಕೆಳಗೆ ಬಿದ್ದಿದ್ದ ಒಂದು ಚಕ್ಕೆಯನ್ನು ಎತ್ತಿ ಅದರ ಅಂಚು ನೋಡಿದೆ. ಬಿಳಿ, ಕಾವಿ, ಬಿಳಿ, ತೆಳು ನೀಲಿ, ಮತ್ತೆ ಬಿಳಿ. ಹದಿನಾಲ್ಕು ಪದರಗಳವರೆಗೆ ಎಣಿಸಿ ಕೈಬಿಟ್ಟೆ. ನಡುವಿನ ಪದರವೊಂದರ ಮೇಲೆ ಕಪ್ಪು ಗೆರೆಯ ತುಣುಕಿತ್ತು, ಯಾವುದೋ ಅಕ್ಷರದ ಬಾಲದ ಹಾಗೆ.

ಇಂಥ ಕಾರ್ಖಾನೆಗಳ ಬಗ್ಗೆ ನಾನು ಓದಿಕೊಂಡಿರುವುದೆಲ್ಲ ಶುರು ಮಾಡಿದವರ ಚರಿತ್ರೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ, 1865ರಲ್ಲಿ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಶುರು ಮಾಡಿದ ಹಂಚಿನ ಕಾರ್ಖಾನೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಯಾರು ಕಟ್ಟಿದರು, ಯಾರು ಕಿತ್ತುಕೊಂಡರು ಎಂಬುದಕ್ಕೆ ತಾರೀಖುಗಳಿವೆ. ಕಟ್ಟಡ ಬೀಳದ ಹಾಗೆ ಅಷ್ಟೂ ವರ್ಷ ನೋಡಿಕೊಂಡವರಿಗೆ ತಾರೀಖಿಲ್ಲ. ಸರ್ಕಾರಿ ಕಟ್ಟಡಗಳ ಕತೆಯೂ ಹೆಚ್ಚು ಬೇರೆಯಲ್ಲ. 1854ರಲ್ಲಿ ಡಾಲ್‌ಹೌಸಿಯ ಕಾಲದಲ್ಲಿ ಹುಟ್ಟಿದ ಲೋಕೋಪಯೋಗಿ ಇಲಾಖೆ ತನ್ನ ಲೆಕ್ಕವನ್ನು ಹೊಸ ಕಾಮಗಾರಿ, ದುರಸ್ತಿ ಎಂದು ಎರಡಾಗಿ ಒಡೆಯಿತು. ಹೊಸದಕ್ಕೆ ನಕ್ಷೆ, ವರದಿ, ಕಲ್ಲಿನ ಫಲಕ ಎಲ್ಲ ಉಂಟು. ದುರಸ್ತಿಗೆ ಸಿಗುವುದು ಲೆಕ್ಕದ ಪುಸ್ತಕದ ಒಂದು ಸಾಲು.

ಆ ಒಂದು ಸಾಲಿನ ಹಿಂದೆ ಎಷ್ಟು ಕೆಲಸವಿತ್ತು ಎಂದು ತಿಳಿಯಲು ಕಲ್ಲಿನಿಂದಲೇ ಶುರು ಮಾಡಬೇಕು. ಈ ಗೋಡೆಗಳದ್ದು ಮುರಕಲ್ಲು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂ ಬಳಿ ಇದನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಮೆತ್ತಗಿದ್ದು ಕಡಿಯಲು ಸಿಗುತ್ತದೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ ಎನ್ನುವುದು ಅವನಿಗೆ ಸೋಜಿಗ. ಕಲ್ಲು ಕಡಿಯುವವರಿಗೆ ಇದರಲ್ಲಿ ಸೋಜಿಗವೇನೂ ಇರಲಿಕ್ಕಿಲ್ಲ. ಆದರೆ ಗಟ್ಟಿಯಾದರೂ ಇದು ತೂತುತೂತಾದ ಕಲ್ಲು, ನೀರು ಕುಡಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಅದಕ್ಕೊಂದು ಹೊದಿಕೆ ಬೇಕು.

ಹೊದಿಕೆಗೆ ಬೇಕಾದದ್ದು ಅಳಿವೆಯಲ್ಲೇ ಸಿಗುತ್ತಿತ್ತು. ಚಿಪ್ಪನ್ನು ಗೂಡಿನಲ್ಲಿ ಸುಟ್ಟರೆ ಸುಣ್ಣ. ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಚಿಪ್ಪು ಸುತ್ತಿ ಬಳಸಿ ಗೋಡೆಯ ಮೇಲೆ ಮತ್ತೆ ಚಿಪ್ಪಾಗುತ್ತದೆ. ಅಂಟು ಬರಲು ಗಂಜಿ, ಬಿಳುಪು ಹೊಳೆಯಲು ಚಿಟಿಕೆ ನೀಲಿ, ಬಳಿಯಲು ಕೇದಗೆಯ ಬಿಳಲು ಜಜ್ಜಿ ಮಾಡಿದ ಕುಂಚ. ಈ ಸುಣ್ಣ ಕಲ್ಲಿಗಿಂತ ಮೆದು. ಮಳೆಗೆ ಸವೆಯುವುದು ಅದು, ಕಲ್ಲಲ್ಲ. ಹಾಗಾಗಿಯೇ ಮಳೆ ಕಳೆದ ಮೇಲೆ ಮತ್ತೆ ಬಳಿಯಬೇಕು. ನನ್ನ ಕೈಯಲ್ಲಿದ್ದ ಚಕ್ಕೆಯ ಒಂದೊಂದು ಪದರವೂ ಯಾರೋ ಏಣಿ ಹತ್ತಿ ಮಾಡಿದ ಕೆಲಸ.

ಸಿಮೆಂಟು ಬಂದದ್ದು ಈ ಏಣಿ ಹತ್ತುವ ಕೆಲಸ ತಪ್ಪಿಸುತ್ತೇನೆಂಬ ಭರವಸೆಯೊಂದಿಗೆ. ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. 1914ರಲ್ಲಿ ಪೋರಬಂದರಿನಲ್ಲಿ ಇಲ್ಲೇ ತಯಾರಿ ಶುರುವಾಯಿತು. ಹೊಸ ಕಟ್ಟಡಕ್ಕೆ ಅದು ಒಳ್ಳೆಯ ಸಾಮಗ್ರಿ, ಅದರಲ್ಲಿ ತಕರಾರಿಲ್ಲ. ಮುರಕಲ್ಲಿನ ಹಳೆಯ ಗೋಡೆಗೆ ಮೆತ್ತಿದಾಗ ಆಗುವುದೇ ಬೇರೆ. ತಳಪಾಯದಿಂದ ಏರುವ ತೇವಕ್ಕೆ, ಬಿರುಕಿನಲ್ಲಿ ಇಳಿಯುವ ನೀರಿಗೆ ಹೊರಬರಲು ದಾರಿ ಸಾಲದು. ಮೇಲಿನ ಪ್ಲಾಸ್ಟಿಕ್ ಬಣ್ಣ ಇದ್ದ ದಾರಿಯನ್ನೂ ಮುಚ್ಚುತ್ತದೆ. ಹೊರಗೆ ಗೋಡೆ ಲಕಲಕ, ಒಳಗೆ ಕಲ್ಲು ಪುಡಿ. ಅಲ್ಲಿದ್ದ ಹಿರಿಯ ಮೇಸ್ತ್ರಿ ಇದನ್ನೇ ಚಿಕ್ಕದಾಗಿ ಹೇಳಿದರು: “ಗೋಡೆಗೆ ಉಸಿರು ಕಟ್ತದೆ ಮಾರಾಯ್ರೆ. ನಾಲ್ಕು ಮಳೆಗಾಲ ಹೋಗ್ಲಿ, ಗುಳ್ಳೆ ಏಳ್ತದೆ, ಆಗ ನನ್ನನ್ನೇ ಕರೀತಾರೆ.”

ಈ ಜಗಳ ಹೊಸತಲ್ಲ. 1877ರಲ್ಲಿ ವಿಲಿಯಂ ಮಾರಿಸ್ ಲಂಡನ್ನಿನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗ ಅದಕ್ಕೆ ಬಿದ್ದ ಅಡ್ಡಹೆಸರೇ ‘ಆಂಟಿ-ಸ್ಕ್ರೇಪ್’, ಅಂದರೆ ಕೆರೆಯುವುದರ ವಿರೋಧಿಗಳು. ಜೀರ್ಣೋದ್ಧಾರದ ಹೆಸರಿನಲ್ಲಿ ಚರ್ಚುಗಳ ಗಾರೆ ಕೆರೆದು ‘ಮೂಲ’ವನ್ನು ಹುಡುಕುವ ಹುಚ್ಚು ಆಗ ಅಲ್ಲಿತ್ತು. ಈಗ ನಮ್ಮಲ್ಲೂ ಇದೆ. ಹಳೆಯ ಗೋದಾಮು ಕೆಫೆಯಾಗುವಾಗ ಗಾರೆ ಕಿತ್ತು, ಕೆಂಪು ಕಲ್ಲು ತೋರಿಸಿ, ವಾರ್ನಿಶ್ ಬಳಿಯುತ್ತಾರೆ. ಮೊದಲಿನಿಂದಲೂ ಬೋಳಾಗಿಯೇ ಇದ್ದ ಗೋಡೆಗಳೂ ಕರಾವಳಿಯಲ್ಲಿ ಬೇಕಾದಷ್ಟಿವೆ, ಅವುಗಳ ಮಾತು ಬೇರೆ. ಗಾರೆ ಇದ್ದ ಗೋಡೆಯ ಗಾರೆ ಕಿತ್ತರೆ ಸಿಗುವುದು ಮೂಲವಲ್ಲ, ಎಂದೂ ಯಾರೂ ನೋಡಿರದ ಗೋಡೆ. ಸಿಮೆಂಟಿಗಿಂತ ಇದು ನನಗೆ ಹೆಚ್ಚು ಸಿಟ್ಟು ತರಿಸುತ್ತದೆ, ಏಕೆಂದರೆ ಇದು ಇತಿಹಾಸದ ಮೇಲಿನ ಪ್ರೀತಿಯ ಹೆಸರಿನಲ್ಲಿ ನಡೆಯುತ್ತದೆ.

ಆ ಕಪ್ಪು ಗೆರೆ ಮಿಶನ್ನಿನ ಕಾಲದ್ದೋ, ಆಮೇಲಿನ ಒಡೆಯರದ್ದೋ, ಬರೀ ‘ಬೀಡಿ ಸೇದಬಾರದು’ ಎಂಬ ಸೂಚನೆಯದ್ದೋ? ಗಾರೆ ಗೋಡೆಯ ಮೇಲೆಯೇ ಇದ್ದಿದ್ದರೆ ಪದರಪದರ ಬಿಡಿಸಿ ಓದಬಹುದಿತ್ತು. ಈಗ ಅದರ ಮಿಕ್ಕ ಭಾಗ ಅಂಗಳದ ಗುಂಡಿ ತುಂಬಿದ ರಾಶಿಯಲ್ಲಿದೆ.

ಮಾಲೀಕರ ಜೊತೆ ಮಾತಾಡಿದೆ. ಅವರು ಕೆಡುಕರಲ್ಲ. “ವರ್ಷವರ್ಷ ಸುಣ್ಣ ಹೊಡೆಯಲು ಜನ ಎಲ್ಲಿದ್ದಾರೆ? ಕೂಲಿ ಯಾರು ಕೊಡ್ತಾರೆ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಸಂಶೋಧನಾ ವಿದ್ಯಾರ್ಥಿಗೆ ಬರುವ ವೇತನದಲ್ಲಿ ಬೇರೆಯವರ ಗೋಡೆ ಉಳಿಸುವ ಮಾತಾಡುವುದು ಸುಲಭ. ಆದರೆ ಮೇಸ್ತ್ರಿ ಒಂದು ಲೆಕ್ಕ ಹೇಳಿದರು: ಮೂಡಣ ಗೋಡೆಯ ಗಾರೆ ಇನ್ನೂ ಗಟ್ಟಿಯಿದೆ, ಬಡಿದು ನೋಡಿ ಟೊಳ್ಳು ಸದ್ದು ಬರುವ ಕಡೆ ಮಾತ್ರ ತೆಗೆದು ತೇಪೆ ಹಾಕಿದರೆ ಸಾಕು, ಪೂರ್ತಿ ಕೆತ್ತುವುದಕ್ಕಿಂತ ಕಡಿಮೆ ಖರ್ಚು. ಕಡಿಮೆ ಖರ್ಚು ಎಂದದ್ದಕ್ಕೆ ಮಾಲೀಕರು ಒಪ್ಪಿದರು.

ಪಡುವಣ ಗೋಡೆಗೆ ಏಪ್ರಿಲಿನಲ್ಲಿ ಸಿಮೆಂಟು ಬಿತ್ತು, ಬಣ್ಣವೂ ಆಯಿತು. ಮೂಡಣದ್ದಕ್ಕೆ ಮಳೆ ಮುಗಿದ ಮೇಲೆ ಕೈಹಚ್ಚುತ್ತೇನೆಂದು ಮೇಸ್ತ್ರಿ ಹೇಳಿದ್ದಾರೆ. ಅಷ್ಟರೊಳಗೆ ಒಳ್ಳೆಯ ಚಿಪ್ಪಿನ ಸುಣ್ಣ ಎಲ್ಲಿ ಸಿಗುತ್ತದೆಂದು ವಿಚಾರಿಸುವ ಕೆಲಸ ನನಗೆ ಒಪ್ಪಿಸಿದ್ದಾರೆ.